ಕ್ಯಾಮೆರಾ 45 ಮೆಗಾಪಿಕ್ಸೆಲ್, ಕೊಕ್ಕರೆ ಮಾತ್ರ ಮಸುಕು

ಪ್ರಶ್ನೆ: ಸರ್, ನಾನು ಮೈಸೂರಿನವನು. ಬ್ಯಾಂಕಿನಲ್ಲಿ ಕೆಲಸ, ಭಾನುವಾರ ಬಂದರೆ ಹಕ್ಕಿ ಫೋಟೋ. ಎಂಟು ವರ್ಷ 24 ಮೆಗಾಪಿಕ್ಸೆಲ್‌ನ ಕ್ರಾಪ್ ಸೆನ್ಸರ್ (ಸಣ್ಣ ಸೆನ್ಸರ್) ಡಿಎಸ್‌ಎಲ್‌ಆರ್ ಮತ್ತು 70-300 ಲೆನ್ಸ್ ಬಳಸಿದೆ. ಜೆಪೆಗ್‌ನಲ್ಲೇ ತೆಗೆಯುತ್ತಿದ್ದೆ, ಚೆನ್ನಾಗಿಯೇ ಬರುತ್ತಿತ್ತು. ಹೋದ ತಿಂಗಳು ಸಾಲ ಮಾಡಿ 45 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ (ದೊಡ್ಡ ಸೆನ್ಸರ್) ಮಿರರ್‌ಲೆಸ್ ತಗೊಂಡೆ, ಒಳಗೆ ಕನ್ನಡಿ ಇಲ್ಲದ್ದು. ಆರು ದಿನದ ಹಿಂದೆ ಸೆಕೆಂಡ್ ಹ್ಯಾಂಡ್ 150-600 ಲೆನ್ಸ್ ಕೂಡ ಬಂತು. ಬೇಡವೆಂದರೆ 15 ದಿನದೊಳಗೆ ವಾಪಸ್ ಕೊಡಬಹುದು. ಅಂಗಡಿಯವರು ಒಂದು ಯುವಿ ಫಿಲ್ಟರನ್ನೂ ಪುಕ್ಕಟೆ ಹಾಕಿಕೊಟ್ಟರು. ರಂಗನತಿಟ್ಟಿನಲ್ಲಿ ದೋಣಿಯಿಂದ ಬಣ್ಣದ ಕೊಕ್ಕರೆ ತೆಗೆದೆ: 600 ಎಂ.ಎಂ., ಎಫ್/11, ಶಟರ್ 1/500 ಸೆಕೆಂಡ್, ಐಎಸ್‌ಒ 400, ಹೊತ್ತು ಬೆಳಿಗ್ಗೆ ಹನ್ನೊಂದೂವರೆ, ಈ ಸಲ ರಾ ಫೈಲ್. ಕಂಪ್ಯೂಟರ್‌ನಲ್ಲಿ 100% ಮಾಡಿ ನೋಡಿದರೆ ಒಂದು ಗರಿಯೂ ಬಿಡಿಸಿ ಕಾಣುವುದಿಲ್ಲ. ಅದಕ್ಕೂ ಮೊದಲು ಹಳೇಬೀಡಿನಲ್ಲಿ ಅನುಮತಿ ಪಡೆದು ಟ್ರೈಪಾಡ್ ಇಟ್ಟು, 24-120 ಲೆನ್ಸ್‌ನಲ್ಲಿ ಎಫ್/16, 1/15 ಇಟ್ಟು ತೆಗೆದ ಶಿಲ್ಪಗಳೂ ಹಾಗೇ. ಒಬ್ಬ ಗೆಳೆಯ "ಈ ಲೆನ್ಸ್‌ಗೆ 45 ಮೆಗಾಪಿಕ್ಸೆಲ್ ತಡೆಯೋ ಶಕ್ತಿ ಇಲ್ಲ, 600 ಎಫ್/4 ತಗೋ" ಅಂತಾನೆ. ಇನ್ನೊಬ್ಬ "ಫೋಕಸ್ ಕ್ಯಾಲಿಬ್ರೇಷನ್ ಮಾಡಿಸು" ಅಂತಾನೆ. ಮತ್ತೊಬ್ಬ "24 ಮೆಗಾಪಿಕ್ಸೆಲ್ಲೇ ಸಾಕಿತ್ತು, ಮಾರಿಬಿಡು" ಅಂತಾನೆ. ನನ್ನ ಹೆಂಡತಿ ಮಾತ್ರ ಮೊಬೈಲ್‌ನಲ್ಲಿ ನೋಡಿ "ಚೆನ್ನಾಗೇ ಇದೆಯಲ್ಲ" ಅಂದಳು. ಯಾರ ಮಾತು ಕೇಳಲಿ?

ಉತ್ತರ: ನೀವು ಕಳಿಸಿದ ಹನ್ನೊಂದು ಫೈಲ್‌ಗಳನ್ನೂ ತೆರೆದು ನೋಡಿದೆ. ಮೊದಲೇ ಹೇಳಿಬಿಡುತ್ತೇನೆ. ಕ್ಯಾಮೆರಾ ಮಾರಬೇಡಿ. 600 ಎಫ್/4 ಅನ್ನುವ ದುಬಾರಿ ಲೆನ್ಸ್‌ನ ಆಸೆಗೆ ಬಿದ್ದು ಇನ್ನೊಂದು ಸಾಲವನ್ನೂ ಮಾಡಬೇಡಿ. ನಿಮ್ಮ ಸೆಕೆಂಡ್ ಹ್ಯಾಂಡ್ ಲೆನ್ಸ್ ಬಗ್ಗೆ ಮಾತ್ರ ನನಗೆ ಒಂದು ಸಣ್ಣ ಅನುಮಾನ ಇದೆ, ಆಮೇಲೆ ಬರುತ್ತೇನೆ. ಇನ್ನೂ ಒಂಬತ್ತು ದಿನ ಇದೆಯಲ್ಲ, ಅಷ್ಟು ಸಾಕು.

ಇಪ್ಪತ್ತೆರಡು ವರ್ಷದಿಂದ ಲೆನ್ಸ್ ಬಿಚ್ಚಿ ಜೋಡಿಸುವುದೇ ನನ್ನ ಕೆಲಸ. "ಶಾರ್ಪ್ ಬರ್ತಿಲ್ಲ ಸರ್" ಅಂತ ನನ್ನ ಮೇಜಿಗೆ ಬರುವ ಲೆನ್ಸ್‌ಗಳಲ್ಲಿ ಹೆಚ್ಚಿನವನ್ನು ನಾನು ಬಿಚ್ಚುವುದೇ ಇಲ್ಲ. ಲೆನ್ಸ್ ಪಕ್ಕಕ್ಕಿಟ್ಟು ಮೊದಲು ಫೋಟೋ ತೋರಿಸಿ ಅನ್ನುತ್ತೇನೆ. ಯಾಕೆಂದರೆ ಮಸುಕಿಗೂ ಒಂದು ಚಹರೆ ಇರುತ್ತದೆ. ಅಲುಗಿದ ಮಸುಕು ಬೇರೆ, ಫೋಕಸ್ ತಪ್ಪಿದ ಮಸುಕು ಬೇರೆ, ಬಿಸಿ ಗಾಳಿಯದು ಬೇರೆ, ಫಂಗಸ್ ಹಿಡಿದ ಗಾಜಿನದು ಬೇರೆ. ಎಲ್ಲವನ್ನೂ "ಶಾರ್ಪ್ ಇಲ್ಲ" ಅನ್ನುವ ಒಂದೇ ಚೀಲಕ್ಕೆ ತುಂಬಿದರೆ, ಕೊನೆಗೆ ಅಂಗಡಿಯ ದಾರಿ ಒಂದೇ ಕಾಣುತ್ತದೆ.

ಮೊದಲು ನಿಮ್ಮ ಗೆಳೆಯರ ಮಾತು ನೋಡೋಣ.

"ಲೆನ್ಸ್‌ಗೆ 45 ಮೆಗಾಪಿಕ್ಸೆಲ್ ತಡೆಯಲ್ಲ" ಅನ್ನುವುದನ್ನು ನಾನು ವಾರಕ್ಕೆ ಎರಡು ಸಲವಾದರೂ ಕೇಳುತ್ತೇನೆ. ನಿಮ್ಮ ವಿಷಯದಲ್ಲಿ ಅದು ತಮಾಷೆಯೇ ಸರಿ. ಲೆಕ್ಕ ಹಾಕಿ ನೋಡಿ. ನಿಮ್ಮ ಹಳೇ ಕ್ಯಾಮೆರಾದ ಸೆನ್ಸರ್ ಅಗಲ ಸುಮಾರು 23.5 ಎಂ.ಎಂ., ಅದರೊಳಗೆ ಅಡ್ಡಕ್ಕೆ 6000 ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ ಸಿಗುವ ಜಾಗ 3.9 ಮೈಕ್ರಾನ್ (ಎಂ.ಎಂ.ನ ಸಾವಿರದ ಒಂದು ಭಾಗವೇ ಮೈಕ್ರಾನ್). ಹೊಸದರ ಅಗಲ 36 ಎಂ.ಎಂ., ಅಡ್ಡಕ್ಕೆ 8256 ಪಿಕ್ಸೆಲ್. ಒಂದಕ್ಕೆ ಸುಮಾರು 4.35 ಮೈಕ್ರಾನ್. ಅಂದರೆ ಹೊಸ ಕ್ಯಾಮೆರಾದ ಪಿಕ್ಸೆಲ್ ಹಳೆಯದಕ್ಕಿಂತ ದೊಡ್ಡದು! ಪಿಕ್ಸೆಲ್ ಸಣ್ಣದಾದಷ್ಟೂ ಲೆನ್ಸ್‌ನ ಪರೀಕ್ಷೆ ಕಠಿಣ. ಎಂಟು ವರ್ಷ ನೀವು ಅದಕ್ಕಿಂತ ಕಠಿಣ ಪರೀಕ್ಷೆಯನ್ನೇ ನಿಮ್ಮ 70-300ಗೆ ಕೊಟ್ಟಿದ್ದೀರಿ, ಆಗ ಯಾರೂ ತಕರಾರು ಮಾಡಲಿಲ್ಲ.

ಒಂದು ಮಾತು ನಿಜ. ಫುಲ್ ಫ್ರೇಮ್ ಸೆನ್ಸರ್ ಲೆನ್ಸ್‌ನ ಅಂಚಿನವರೆಗೂ ನೋಡುತ್ತದೆ, ಕ್ರಾಪ್ ಸೆನ್ಸರ್ ನಡುವಿನ ಒಳ್ಳೇ ಭಾಗ ಮಾತ್ರ ನೋಡುತ್ತದೆ. ಮೂಲೆಗಳು ಸ್ವಲ್ಪ ಸೊರಗಿ ಕಂಡರೆ ಆಶ್ಚರ್ಯ ಬೇಡ. ಆದರೆ ನಿಮ್ಮ ಕೊಕ್ಕರೆ ಮೂಲೆಯಲ್ಲಿಲ್ಲ, ನಡುವೆಯೇ ಇದೆ. ಮತ್ತೆ, ಸೆನ್ಸರ್ ಜಾಸ್ತಿ ನೋಡುತ್ತದೆ ಅಂತ ಯಾವ ಲೆನ್ಸೂ ಮೊದಲಿಗಿಂತ ಕೆಟ್ಟದಾಗಿ ಬರೆಯುವುದಿಲ್ಲ. ಅದೇ ಲೆನ್ಸ್, ಅದೇ ಅಳತೆಯ ಸೆನ್ಸರ್, ಅದೇ ಅಳತೆಯ ಪ್ರಿಂಟ್ ಅಂದರೆ 45 ಯಾವತ್ತೂ 24ಕ್ಕಿಂತ ಕಡಿಮೆ ಕೊಡಲ್ಲ. ಸಿಗುವ ಲಾಭ ಕಡಿಮೆ ಇರಬಹುದು, ಅಷ್ಟೇ. 24ರಿಂದ 45ಕ್ಕೆ ಹೋದರೆ ಎರಡರಷ್ಟು ಅಂತ ಕೇಳಿಸುತ್ತದಲ್ವಾ? ಅಡ್ಡಕ್ಕೆ ಎಣಿಸಿದರೆ 6000 ಹೋಗಿ 8256 ಆಯಿತು, ಒಂದೂಕಾಲಕ್ಕಿಂತ ಸ್ವಲ್ಪ ಜಾಸ್ತಿ. ನಿಜವಾಗಿ ಎರಡರಷ್ಟು ವಿವರ ಬೇಕಿದ್ದರೆ ಮೆಗಾಪಿಕ್ಸೆಲ್ ನಾಲ್ಕು ಪಟ್ಟು ಆಗಬೇಕು.

ಕ್ಯಾಲಿಬ್ರೇಷನ್ ಸಲಹೆ ಡಿಎಸ್‌ಎಲ್‌ಆರ್ ಕಾಲದ್ದು. ಅದರಲ್ಲಿ ಫೋಕಸ್ ಅಳೆಯುವ ಸೆನ್ಸರ್ ಬೇರೆ, ಫೋಟೋ ಹಿಡಿಯುವ ಸೆನ್ಸರ್ ಬೇರೆ. ಎರಡರ ನಡುವೆ ಕೂದಲೆಳೆ ವ್ಯತ್ಯಾಸ ಬಂದರೂ ಫೋಕಸ್ ಹಿಂದೆ ಮುಂದೆ ಬೀಳುತ್ತಿತ್ತು, ನಾವು ಕೂತು ಸರಿಮಾಡುತ್ತಿದ್ದೆವು. ನನಗೂ ಒಳ್ಳೇ ಸಂಪಾದನೆ ಇತ್ತು ಅನ್ನಿ! ಮಿರರ್‌ಲೆಸ್‌ನಲ್ಲಿ ಫೋಟೋ ಹಿಡಿಯುವ ಸೆನ್ಸರೇ ಫೋಕಸನ್ನೂ ನೋಡುತ್ತದೆ. ಆ ತಕರಾರೇ ಬಹುಮಟ್ಟಿಗೆ ಹೋಯಿತು.

ನಿಮ್ಮ ಮನೆಯವರ ಮಾತಿಗೆ ಬರುತ್ತೇನೆ. ಅವರು ಹೇಳಿದ್ದು ಅರ್ಧ ಸರಿ. ಸಾಮಾನ್ಯ 24 ಇಂಚಿನ ಫುಲ್ ಎಚ್‌ಡಿ ಮಾನಿಟರ್‌ನಲ್ಲಿ ಒಂದು ಇಂಚಿಗೆ ಸುಮಾರು 92 ಚುಕ್ಕೆ. ಅದರಲ್ಲಿ 100% ಮಾಡಿದಾಗ, ಅಂದರೆ ಫೋಟೋದ ಒಂದೊಂದು ಪಿಕ್ಸೆಲ್‌ಗೂ ಪರದೆಯ ಒಂದೊಂದು ಚುಕ್ಕೆ ಕೊಟ್ಟಾಗ, ನೀವು ನೋಡುತ್ತಿರುವುದು ಏಳೂವರೆ ಅಡಿ ಅಗಲದ ಫೋಟೋದ ಒಂದು ತುಂಡು. ಅದನ್ನು ಒಂದೂವರೆ ಅಡಿ ದೂರದಲ್ಲಿ ಕೂತು ನೋಡುತ್ತಿದ್ದೀರಿ. ಗೋಡೆಗೆ ಅಂಟಿಸಿದ ಸಿನಿಮಾ ಪೋಸ್ಟರಿಗೆ ಮೂಗು ತಾಗಿಸಿ ನಿಂತ ಹಾಗೆ. ಹಳೇ ಕ್ಯಾಮೆರಾದ 100% ಐದೂವರೆ ಅಡಿ ಅಗಲದ್ದಾಗಿತ್ತು. ಸಾಲದ್ದಕ್ಕೆ ಈಗ 300ರ ಬದಲು 600 ಹಾಕಿದ್ದೀರಿ. ಅಷ್ಟೇ ದೂರದ ಕೊಕ್ಕರೆ ಈಗ ಪರದೆ ಮೇಲೆ ಮೊದಲಿನದ್ದಕ್ಕಿಂತ ಸುಮಾರು 1.8 ಪಟ್ಟು ದೊಡ್ಡದು. ಮೊದಲು ಕಾಣದೇ ಇದ್ದ ತಪ್ಪುಗಳೆಲ್ಲ ಈಗ ಕಾಣುತ್ತಿವೆ. ಎ4 ಅಳತೆಯಲ್ಲಿ ಇಂಚಿಗೆ 300 ಚುಕ್ಕೆಯ ಒಳ್ಳೇ ಪ್ರಿಂಟ್‌ಗೆ ಒಂಬತ್ತು ಮೆಗಾಪಿಕ್ಸೆಲ್ ಕೂಡ ಬೇಡ. ನಿಮ್ಮ ಹನ್ನೊಂದರಲ್ಲಿ ಆರು ಫೋಟೋ ಆ ಪ್ರಿಂಟ್‌ಗೆ ಈಗಲೇ ಹೋಗುತ್ತವೆ.

ಆದರೆ ಉಳಿದ ಐದು ನಿಜವಾಗಿಯೂ ಮಸುಕು. ಅಷ್ಟರ ಮಟ್ಟಿಗೆ ನಿಮ್ಮ ಕಣ್ಣು ಸರಿಯಾಗಿದೆ.

ಇನ್ನೊಂದು ಬದಲಾವಣೆ ನೀವೇ ಬರೆದಿದ್ದೀರಿ, ಅದರ ಮೇಲೆ ಅನುಮಾನ ಪಟ್ಟಿಲ್ಲ. ಮೊದಲು ಜೆಪೆಗ್, ಈಗ ರಾ. ಸೆನ್ಸರ್‌ನ ಒಂದೊಂದು ಪಿಕ್ಸೆಲ್ ಒಂದೇ ಬಣ್ಣ ನೋಡುತ್ತದೆ: ಕೆಂಪು, ಇಲ್ಲ ಹಸಿರು, ಇಲ್ಲ ನೀಲಿ. ಕೊಡಾಕ್‌ನಲ್ಲಿದ್ದ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆ ಇದು, ಇವತ್ತಿಗೂ ಹೆಚ್ಚಿನ ಕ್ಯಾಮೆರಾಗಳಲ್ಲಿ ಇರುವುದು ಅದೇ. ಉಳಿದೆರಡು ಬಣ್ಣವನ್ನು ಅಕ್ಕಪಕ್ಕದವರನ್ನು ಕೇಳಿ ಊಹಿಸಬೇಕು. ಹಾಗಾಗಿ ಹಸಿ ಫೈಲ್ ಯಾವಾಗಲೂ ಸ್ವಲ್ಪ ಮೆತ್ತಗೇ ಇರುತ್ತದೆ. ಜೆಪೆಗ್ ಆದರೆ ಕ್ಯಾಮೆರಾನೇ ಶಾರ್ಪನಿಂಗ್, ಕಾಂಟ್ರಾಸ್ಟ್ ಎಲ್ಲ ಬೆರೆಸಿ ಒಗ್ಗರಣೆ ಹಾಕಿಯೇ ಬಡಿಸುತ್ತದೆ. ರಾ ಅಂದರೆ ಒಗ್ಗರಣೆ ನೀವೇ ಹಾಕಿಕೊಳ್ಳಬೇಕು. ನಿಮ್ಮ ಮೊದಲನೇ ಕೊಕ್ಕರೆಗೆ ಒಂದು ಪಿಕ್ಸೆಲ್ ರೇಡಿಯಸ್‌ನಲ್ಲಿ ಸ್ವಲ್ಪ ಶಾರ್ಪನಿಂಗ್ ಕೊಟ್ಟು, ನೀರು ಮತ್ತು ಆಕಾಶಕ್ಕೆ ತಾಗದ ಹಾಗೆ ಮಾಸ್ಕ್ ಎಳೆದೆ. ಎರಡು ನಿಮಿಷದ ಕೆಲಸ. ಕತ್ತಿನ ಗರಿ ಬಿಡಿಬಿಡಿಯಾಗಿ ಬಂತು. ಫೈಲ್ ವಾಪಸ್ ಕಳಿಸಿದ್ದೇನೆ, ನೋಡಿ.

ದೋಣಿಯಲ್ಲಿ ಏನಾಯಿತು

ಮೂರನೇ ಮತ್ತು ಏಳನೇ ಫೋಟೋ ತೆರೆಯಿರಿ. ಮೂರನೆಯದರಲ್ಲಿ ಕೊಕ್ಕರೆಯ ಕಣ್ಣಿನಲ್ಲಿ ಸೂರ್ಯನ ಒಂದು ಹೊಳಪಿನ ಚುಕ್ಕೆ ಇದೆಯಲ್ಲ, ಅದನ್ನು 300% ದೊಡ್ಡದು ಮಾಡಿ. ಅದು ಚುಕ್ಕೆಯಾಗಿಲ್ಲ, ಓರೆಯಾಗಿ ಎಳೆದ ಸಣ್ಣ ಗೀಟು. ಹಿಂದಿನ ಕೊಂಬೆಯಲ್ಲೂ ಅದೇ ದಿಕ್ಕಿಗೆ ಅಂಚು ಎರಡೆರಡಾಗಿದೆ. ಹಕ್ಕಿ ಮತ್ತು ಕೊಂಬೆ ಎರಡೂ ಒಂದೇ ದಿಕ್ಕಿಗೆ ಎಳೆದಿವೆ ಅಂದರೆ ಅಲುಗಿದ್ದು ಹಕ್ಕಿಯಲ್ಲ, ನೀವು. ಅಥವಾ ದೋಣಿ. ಏಳನೆಯದರಲ್ಲಿ ಕೊಂಬೆ ಗಟ್ಟಿಯಾಗಿದೆ, ಕೊಕ್ಕು ಮಾತ್ರ ಎಳೆದಿದೆ. ಅಲ್ಲಿ ಅಲುಗಿದ್ದು ಹಕ್ಕಿಯೇ.

1/500 ಸಾಲದೇ ಅಂತ ಕೇಳುತ್ತೀರಿ. 600 ಎಂ.ಎಂ.ನಲ್ಲಿ, 20 ಮೀಟರ್ ದೂರದಲ್ಲಿರುವ ಹಕ್ಕಿಯ ಮೇಲೆ ನಿಮ್ಮ ಒಂದು ಪಿಕ್ಸೆಲ್ ಹಿಡಿಯುವ ಜಾಗ ಹೆಚ್ಚುಕಡಿಮೆ 0.15 ಎಂ.ಎಂ. ಕೊಕ್ಕರೆ ಕತ್ತು ತಿರುಗಿಸುವಾಗ ಸೆಕೆಂಡಿಗೆ 10 ಸೆಂ.ಮೀ. ಚಲಿಸಿತು ಅನ್ನಿ, ಅದೇನೂ ವೇಗವಲ್ಲ. 1/500ರಲ್ಲಿ ಅದು 0.2 ಎಂ.ಎಂ. ಸರಿಯುತ್ತದೆ. ಒಂದು ಪಿಕ್ಸೆಲ್‌ಗಿಂತ ಜಾಸ್ತಿ ಆಯಿತು. 1/2000 ಆದರೆ 0.05 ಎಂ.ಎಂ., ಪಿಕ್ಸೆಲ್‌ನ ಮೂರನೇ ಒಂದು ಭಾಗ. ಕಣ್ಣಿಗೆ ಕಾಣಲ್ಲ. "ಫೋಕಲ್ ಲೆಂಗ್ತ್ ಎಷ್ಟೋ ಶಟರ್ ಅಷ್ಟು, 600ಕ್ಕೆ 1/600" ಅನ್ನುವ ಹಳೇ ಸೂತ್ರ ಫಿಲ್ಮ್ ಕಾಲದ್ದು, ಕೈಗೆ ಹಿಡಿಯುವ ಪ್ರಿಂಟ್‌ಗೆ ಸರಿ. ಏಳೂವರೆ ಅಡಿಯ ಪೋಸ್ಟರಿಗೆ ಮೂಗು ತಾಗಿಸಿ ನೋಡುವವರಿಗೆ ಅದರ ಎರಡರಷ್ಟು ಬೇಕು, ದೋಣಿಯಲ್ಲಿ ಮೂರರಷ್ಟು.

ಲೆನ್ಸ್‌ನ ಸ್ಟೆಬಿಲೈಸರ್ ನಿಮ್ಮ ಕೈ ನಡುಕ ತಡೆಯುತ್ತದೆ. ಹಕ್ಕಿ ಕತ್ತು ತಿರುಗಿಸುವುದನ್ನು ಯಾವ ಸ್ಟೆಬಿಲೈಸರೂ ತಡೆಯಲ್ಲ. ದೋಣಿಯ ತುದಿಗೆ ಮೊಣಕೈ ಊರಬೇಡಿ, ಎಂಜಿನ್ ಇದ್ದರೆ ನಡುಕ ನೇರ ಕ್ಯಾಮೆರಾಕ್ಕೆ ಬರುತ್ತದೆ, ಅಂಬಿಗ ಹುಟ್ಟು ಹಾಕುತ್ತಿದ್ದರೆ ಒಂದೊಂದು ಎಳೆತಕ್ಕೂ ಕುಲುಕುತ್ತದೆ. ಅವನು ಹುಟ್ಟು ಎತ್ತಿ ದೋಣಿ ತೇಲಲು ಬಿಟ್ಟಾಗ ಕ್ಲಿಕ್ ಮಾಡಿ. ಹತ್ತು ಸೆಕೆಂಡ್ ನಿಲ್ಲಿಸಪ್ಪಾ ಅಂತ ಕೇಳಿದರೆ ಬೇಡ ಅನ್ನುವವರನ್ನು ನಾನು ನೋಡಿಲ್ಲ.

ಈಗ ಎಫ್/11 ಯಾಕೆ ಇಟ್ಟಿರಿ? ಎಫ್ ಮುಂದಿನ ಅಂಕಿ ದೊಡ್ಡದಾದಷ್ಟೂ ಲೆನ್ಸ್‌ನ ಕಿಂಡಿ ಸಣ್ಣ, ಒಳಗೆ ಬರುವ ಬೆಳಕೂ ಕಡಿಮೆ. "ಲೆನ್ಸ್ ಮುಚ್ಚಿದಷ್ಟೂ ಶಾರ್ಪ್" ಅಂತ ಯಾರೋ ಹೇಳಿರಬೇಕು. ಒಂದು ಹಂತದವರೆಗೆ ನಿಜ. ಈ ಥರದ 150-600 ಜೂಮ್‌ಗಳು 600ರ ತುದಿಯಲ್ಲಿ, ಪೂರ್ತಿ ತೆರೆದ ಎಫ್/6.3ರಲ್ಲಿ ಸ್ವಲ್ಪ ಮೆತ್ತಗಿರುತ್ತವೆ. ಎಫ್/8ಕ್ಕೆ ಗಟ್ಟಿಯಾಗುತ್ತವೆ. ಅಲ್ಲಿಂದ ಮುಂದೆ ಇನ್ನೊಂದು ಕಾಟ ಶುರು. ಬೆಳಕು ಸಣ್ಣ ಕಿಂಡಿಯಲ್ಲಿ ನುಗ್ಗುವಾಗ ಹರಡಿಕೊಳ್ಳುತ್ತದೆ. ಎಷ್ಟೇ ಒಳ್ಳೇ ಲೆನ್ಸ್ ಇರಲಿ, ಚುಕ್ಕೆ ಚುಕ್ಕೆಯಾಗಿ ಬೀಳದೆ ಸಣ್ಣ ತಟ್ಟೆಯಾಗಿ ಬೀಳುತ್ತದೆ. ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ 1835ರಲ್ಲೇ ಇದರ ಲೆಕ್ಕ ಹಾಕಿಟ್ಟಿದ್ದಾರೆ. ಹಸಿರು ಬೆಳಕಿಗೆ ಎಫ್/8ರಲ್ಲಿ ಆ ತಟ್ಟೆಯ ಅಗಲ ಸುಮಾರು 10.7 ಮೈಕ್ರಾನ್, ನಿಮ್ಮ ಎರಡೂವರೆ ಪಿಕ್ಸೆಲ್. ಎಫ್/11ರಲ್ಲಿ ಸುಮಾರು 15, ಮೂರೂವರೆ ಪಿಕ್ಸೆಲ್. ಎಫ್/16ರಲ್ಲಿ 21ರ ಮೇಲೆ, ಐದು ಪಿಕ್ಸೆಲ್. ಇದಕ್ಕೆ ಡಿಫ್ರಾಕ್ಷನ್ ಅನ್ನುತ್ತಾರೆ. ಇದು ರಿಪೇರಿಗೆ ಬರುವಂಥದ್ದಲ್ಲ. ಹತ್ತು ಸಾವಿರದ ಲೆನ್ಸ್‌ಗೂ ಹತ್ತು ಲಕ್ಷದ ಲೆನ್ಸ್‌ಗೂ ಒಂದೇ ನಿಯಮ. ಎಫ್/11ರಲ್ಲಿ ಫೋಟೋ ಹಾಳಾಗಿಬಿಡುತ್ತದೆ ಅಂತಲ್ಲ, ಸ್ವಲ್ಪ ಶಾರ್ಪನಿಂಗ್ ಕೊಟ್ಟರೆ ಬಹುಪಾಲು ವಾಪಸ್ ಬರುತ್ತದೆ. ಆದರೆ ನೀವು ಅಲ್ಲಿ ಕಳಕೊಂಡಿದ್ದು ಬೇರೆ: ಬೆಳಕು. ಎಫ್/8 ಇಟ್ಟಿದ್ದರೆ 1/1000 ಸಿಗುತ್ತಿತ್ತು. ಐಎಸ್‌ಒ 400ನ್ನು 800 ಮಾಡಿದ್ದರೆ ಅದೇ ಬೆಳಕಲ್ಲಿ 1/2000.

ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ, ಏರಿಸಲು ನಿಮಗೆ ಭಯ ಅಂತ ಕಾಣುತ್ತದೆ. ಹಳೇ ಕ್ಯಾಮೆರಾದ ಅಭ್ಯಾಸ ಇರಬಹುದು. ನಾಯ್ಸ್ ಬಂದರೆ ರವೆ ಚೆಲ್ಲಿದ ಹಾಗೆ ಕಾಣುತ್ತದೆ, ಆದರೆ ಗರಿ ಅದರ ಕೆಳಗೆ ಇರುತ್ತದೆ, ತೆಗೆಯಬಹುದು. ಅಲುಗಿದ ಗರಿ ಇರುವುದೇ ಇಲ್ಲ. ಈ ಕ್ಯಾಮೆರಾದಲ್ಲಿ ಹಕ್ಕಿಗೆ 1600, ಸಂಜೆ 3200 ಧಾರಾಳವಾಗಿ ಇಡಿ. ಅಪಾಯ ಇರುವುದು ಒಂದೇ ಕಡೆ. ನಾಯ್ಸ್ ತೆಗೆಯುತ್ತೇನೆ ಅಂತ ಸ್ಲೈಡರ್ ತುದಿಗೆ ಎಳೆದರೆ ಗರಿ ಮೇಣ ಹಚ್ಚಿದ ಹಾಗಾಗುತ್ತದೆ. ಅದೂ ಒಂದು ಥರದ ಮಸುಕೇ, ನಾವೇ ಮಾಡಿಕೊಂಡಿದ್ದು.

ಒಂಬತ್ತನೇ ಫೋಟೋ ಕುತೂಹಲದ್ದು. ದೂರದ ನಡುಗಡ್ಡೆಯ ಹೆಜ್ಜಾರ್ಲೆ. ಶಟರ್ 1/1250, ಅಲುಗಿಲ್ಲ. ಫೋಕಸ್ ಸರಿ ಇದೆ. ಆದರೂ ರೆಕ್ಕೆಯ ಅಂಚು ಒಂದು ಕಡೆ ನೆಟ್ಟಗೆ, ಒಂದು ಕಡೆ ಕರಗಿದ ಹಾಗೆ. ಅದರ ಮುಂದಿನ, ಹಿಂದಿನ ಫ್ರೇಮ್‌ನಲ್ಲಿ ಕರಗಿದ ಜಾಗ ಬೇರೆ ಬೇರೆ. ಇದು ಗಾಳಿ. ಮಧ್ಯಾಹ್ನ ಡಾಂಬರು ರಸ್ತೆ ಮೇಲೆ ಎದುರಿನ ಬಸ್ಸು ನಡುಗಿದ ಹಾಗೆ ಕಾಣುತ್ತದಲ್ಲ, ಅದೇ. ಹನ್ನೊಂದೂವರೆ ಹೊತ್ತಿಗೆ ಬಂಡೆಗಳು ಕಾದಿರುತ್ತವೆ, ನೀರು ತಣ್ಣಗಿರುತ್ತದೆ. ಎರಡರ ನಡುವಿನ ಗಾಳಿಯೇ ಒಂದು ಕೆಟ್ಟ ಲೆನ್ಸ್. 600 ಎಫ್/4 ತಂದರೂ ಅದನ್ನು ಸೀಳಿ ನೋಡಲಾಗದು, ಆ ನಡುಕವನ್ನೂ ಸೇರಿಸಿ ದೊಡ್ಡದು ಮಾಡಿ ತೋರಿಸುತ್ತದೆ. ಇರುವ ಮದ್ದು ಎರಡೇ: ಬೆಳಿಗ್ಗೆ ಮೊದಲ ದೋಣಿ ಹಿಡಿಯುವುದು, ಹತ್ತಿರ ಇರುವ ಹಕ್ಕಿಗೆ ತೃಪ್ತಿಪಡುವುದು. ಸಫಾರಿ ಜೀಪಿನ ಬಿಸಿ ಬಾನೆಟ್ ಮೇಲಿಂದ ತೆಗೆದ ಹುಲಿ ಫೋಟೋ ಮಸುಕು ಅಂತ ಲೆನ್ಸ್ ಹೊತ್ತು ತಂದವರೂ ಇದ್ದಾರೆ.

ಫೋಕಸ್ ವಿಷಯ ಬೇಗ ಮುಗಿಸುತ್ತೇನೆ, ನಿಮ್ಮದರಲ್ಲಿ ಒಂದೇ ತಪ್ಪಿರುವುದು. ಐದನೇ ಫೋಟೋದ ಮಿಂಚುಳ್ಳಿ. ಕಣ್ಣು ಮಸುಕು, ಬಾಲದ ಬಳಿಯ ಟೊಂಗೆಯ ತೊಗಟೆ ಮಾತ್ರ ಕೊರೆದ ಹಾಗಿದೆ. 10 ಮೀಟರ್ ದೂರದಲ್ಲಿ 600 ಎಂ.ಎಂ., ಎಫ್/6.3 ಅಂದರೆ, 100% ಮಾಡಿ ನೋಡಿದಾಗ ನಿಜಕ್ಕೂ ಗಟ್ಟಿ ಅನ್ನಿಸುವ ಆಳ ಮೂರು ಸೆಂ.ಮೀ. ಆಸುಪಾಸು. ಮಿಂಚುಳ್ಳಿ ತಲೆಯಿಂದ ಬಾಲಕ್ಕೆ ಅದಕ್ಕಿಂತ ಎಷ್ಟೋ ಉದ್ದ. ದೊಡ್ಡ ಫೋಕಸ್ ವಲಯ ಇಟ್ಟರೆ ಕ್ಯಾಮೆರಾ ಎದ್ದು ಕಾಣುವುದನ್ನು ಹಿಡಿಯುತ್ತದೆ. ಹಕ್ಕಿ ಕಣ್ಣು ಗುರುತಿಸುವ ಸೌಲಭ್ಯ ಇದ್ದರೆ ಅದನ್ನು ಹಾಕಿ, ಇಲ್ಲದಿದ್ದರೆ ಸಣ್ಣ ಚೌಕ ಒಂದನ್ನೇ ಕಣ್ಣಿನ ಮೇಲೆ ಇಡಿ.

ಹಳೇಬೀಡಿನ ಕಥೆ ಬೇರೆ

ಅಲ್ಲಿ ಹಕ್ಕಿ ಇಲ್ಲ, ದೋಣಿ ಇಲ್ಲ, ಟ್ರೈಪಾಡ್ ಇದೆ, ಆದರೂ ಮಸುಕು. ಟ್ರೈಪಾಡ್ ಇದ್ದರೆ ಮುಗಿಯಿತು ಅನ್ನುವ ನಂಬಿಕೆಯೇ ಇಲ್ಲಿ ಕೈಕೊಟ್ಟಿದೆ. ಎಫ್/16ರ ಐದು ಪಿಕ್ಸೆಲ್ ತಟ್ಟೆ ಒಂದು ಕಾರಣ. ಇನ್ನೊಂದು, ಪೂರ್ತಿ ಮೆಕ್ಯಾನಿಕಲ್ ಶಟರ್. ಮಿರರ್‌ಲೆಸ್‌ನಲ್ಲಿ ಕನ್ನಡಿ ಬಡಿಯಲ್ಲ ನಿಜ, ಆದರೆ ಶಟರ್ ಮೊದಲು ಮುಚ್ಚಿ ಆಮೇಲೆ ತೆರೆಯುತ್ತದೆ. ಆ ಪೆಟ್ಟಿನ ನಡುಕ 1/15ರಿಂದ 1/200ರ ಆಸುಪಾಸಿನ ವೇಗಗಳಲ್ಲಿ ಫೋಟೋದೊಳಗೆ ಬಂದು ಕೂರುತ್ತದೆ. ಮೂರನೆಯದು ನೀವು ಬರೆಯದೇ ಇದ್ದರೂ ನನಗೆ ಗೊತ್ತಾಯಿತು: ಬಟನ್ ಬೆರಳಿನಿಂದಲೇ ಒತ್ತಿದ್ದೀರಿ. ಮಸುಕೆಲ್ಲ ಮೇಲಿಂದ ಕೆಳಗೆ ಎಳೆದಿದೆ. ಟ್ರೈಪಾಡ್‌ನ ನಡುವಿನ ಕಂಬವನ್ನೂ ಪೂರ್ತಿ ಎತ್ತಿದ್ದಿರೋ ಏನೋ.

ಮೆನುವಿನಲ್ಲಿ ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ ಅಂತ ಇರುತ್ತದೆ, ಅದನ್ನು ಹಾಕಿ, ಆಗ ಫೋಟೋ ಶುರುವಾಗುವಾಗ ಶಟರ್‌ನ ಪೆಟ್ಟು ಇರಲ್ಲ. ಎರಡು ಸೆಕೆಂಡ್ ಟೈಮರ್ ಇಡಿ. ಕಂಬ ಇಳಿಸಿ. ಎಫ್/8. ಸ್ಟೆಬಿಲೈಸರ್ ಟ್ರೈಪಾಡ್ ಮೇಲೆ ಇರಬೇಕೋ ಬೇಡವೋ ಅಂತ ಕ್ಯಾಮೆರಾದ ಕೈಪಿಡಿ ನೋಡಿ, ಅನುಮಾನವಿದ್ದರೆ ಆರಿಸಿಬಿಡಿ. ಪೂರ್ತಿ ಎಲೆಕ್ಟ್ರಾನಿಕ್ ಶಟರ್ ಶಿಲ್ಪಕ್ಕೆ ಇನ್ನೂ ಒಳ್ಳೆಯದು, ಆದರೆ ಹಕ್ಕಿಗೆ ಎಚ್ಚರ. ಸೆನ್ಸರ್ ಸಾಲುಸಾಲಾಗಿ ಓದುವಷ್ಟರಲ್ಲಿ ರೆಕ್ಕೆ ಬಡಿದು ಬಾಗಿದ ಹಾಗೆ ಬರಬಹುದು.

ಆಳವಾದ ಕೆತ್ತನೆ ಪೂರ್ತಿ ಗಟ್ಟಿಯಾಗಿ ಬೇಕು, ಅದಕ್ಕೇ ಎಫ್/16 ಇಟ್ಟೆ ಅಂದರೆ ಅದೂ ಸರಿಯಾದ ವಾದವೇ. ಅದಕ್ಕೆ ಬೇರೆ ದಾರಿ ಇದೆ. ಎಫ್/8ರಲ್ಲೇ ಫೋಕಸ್ ಸ್ವಲ್ಪ ಸ್ವಲ್ಪ ಹಿಂದಕ್ಕೆ ಸರಿಸುತ್ತಾ ನಾಲ್ಕೈದು ಫೋಟೋ ತೆಗೆದು ಸಾಫ್ಟ್‌ವೇರ್‌ನಲ್ಲಿ ಸೇರಿಸುವುದು. ಜನ ಅಡ್ಡ ಬಂದರೆ ಆಟ ಕೆಟ್ಟಿತು, ತಾಳ್ಮೆ ಬೇಕು.

ಇಷ್ಟೆಲ್ಲ ಮಾಡಿದರೂ ಆ ಶಿಲ್ಪ ಚಪ್ಪಟೆಯಾಗಿಯೇ ಕಾಣಬಹುದು. ಯಾಕೆಂದರೆ ನೀವು ತೆಗೆದಿದ್ದು ಪೂರ್ತಿ ನೆರಳಿನಲ್ಲಿ. ಬಳಪದ ಕಲ್ಲಿನಲ್ಲಿ ಹೊಯ್ಸಳರ ಶಿಲ್ಪಿಗಳು ಕೊರೆದ ಸರದ ಒಂದೊಂದು ಮಣಿಯೂ ಬಿಡಿಯಾಗಿದೆ, ಅದನ್ನು ಬಿಡಿಸಿ ತೋರಿಸುವುದು ನೆರಳು ಬೆಳಕಿನ ಗೆರೆ. ಹೊಯ್ಸಳೇಶ್ವರ ಗುಡಿ ಪೂರ್ವಕ್ಕೆ ಮುಖ ಮಾಡಿದೆ, ದೊಡ್ಡ ಶಿಲ್ಪಗಳ ಸಾಲು ಹಿಂದಿನ ಪಶ್ಚಿಮದ ಗೋಡೆಯಲ್ಲಿದೆ. ಬಿಸಿಲು ಆ ಗೋಡೆಗೆ ನೇರ ಬಡಿಯುವಾಗ ಬೇಡ, ಗೋಡೆಯನ್ನು ಸವರಿಕೊಂಡು ಬರುವಾಗ ನಿಲ್ಲಿ. ಅದೇ ಕ್ಯಾಮೆರಾ, ಅದೇ ಲೆನ್ಸ್, ಎರಡು ಪಟ್ಟು ಶಾರ್ಪ್ ಅನ್ನಿಸುತ್ತದೆ. ಪಿಕ್ಸೆಲ್ ಎಣಿಸಿದರೆ ಏನೂ ಬದಲಾಗಿರಲ್ಲ.

ನನ್ನ ಅನುಮಾನ

ನಿಮ್ಮ 150-600ರ ಎಲ್ಲ ಫೋಟೋದಲ್ಲೂ ಎರಡು ವಿಷಯ ಮತ್ತೆ ಮತ್ತೆ ಕಂಡಿತು. ಬಿಳಿ ಗರಿಯ ಸುತ್ತ ಒಂದು ತೆಳು ಮಂಜು. ಮತ್ತೆ ಎಡಭಾಗದ ಎಲೆಗಳು ಬಲಭಾಗದಷ್ಟು ಗಟ್ಟಿ ಇಲ್ಲ.

ಮಂಜಿಗೆ ಮೊದಲ ಅಪರಾಧಿ ಆ ಪುಕ್ಕಟೆ ಫಿಲ್ಟರ್. 50 ಎಂ.ಎಂ. ಲೆನ್ಸ್ ಮುಂದೆ ಸಾಧಾರಣ ಗಾಜು ಇದ್ದರೆ ಅಷ್ಟಾಗಿ ಗೊತ್ತಾಗಲ್ಲ. 600 ಎಂ.ಎಂ. ಮುಂದೆ ಗಾಜು ಒಂಚೂರು ಸಮತಟ್ಟಾಗಿಲ್ಲದಿದ್ದರೂ ಎದ್ದು ಕಾಣುತ್ತದೆ. ಬಿಚ್ಚಿ ನೋಡಿ. ಮುಂದಿನ ಗಾಜು ಕಾಯಲು ಹುಡ್ ಸಾಕು.

ಎರಡನೇ ಅಪರಾಧಿ ಫಂಗಸ್ ಇರಬಹುದು. ಸೆಕೆಂಡ್ ಹ್ಯಾಂಡ್ ಲೆನ್ಸ್ ಯಾವ ಊರಿನಲ್ಲಿ ಮಳೆಗಾಲ ಕಳೆದಿದೆಯೋ ಯಾರಿಗೆ ಗೊತ್ತು. ಇದರಲ್ಲಿ ನನ್ನದೇ ಒಂದು ಪಾಠ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೂಡಿಟ್ಟ ದುಡ್ಡಿನಲ್ಲಿ ಒಂದು ಹಳೇ ಟೆಲಿ ಲೆನ್ಸ್ ತಗೊಂಡಿದ್ದೆ. ಚರ್ಮದ ಡಬ್ಬಿಯಲ್ಲಿ ಹಾಕಿ, ಬೀರುವಿನಲ್ಲಿ ಬಟ್ಟೆಯ ನಡುವೆ ಜೋಪಾನವಾಗಿಟ್ಟು, ಮಲೆನಾಡಿನ ಊರಿನಲ್ಲಿ ಒಂದು ಮಳೆಗಾಲ ಮರೆತೆ. ದಸರಾ ಹೊತ್ತಿಗೆ ತೆಗೆದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆ. ಒರೆಸಿದೆ, ಹೋಯಿತು. ಆದರೆ ಬಲೆ ಇದ್ದ ಜಾಗದಲ್ಲಿ ಕೋಟಿಂಗ್ ತಿಂದುಹೋಗಿತ್ತು. ಚರ್ಮ ತೇವ ಹಿಡಿದಿಡುತ್ತದೆ ಅನ್ನುವುದು ಲೆನ್ಸ್ ರಿಪೇರಿ ಮಾಡುವವನಿಗೇ ತಿಳಿದಿರಲಿಲ್ಲ ನೋಡಿ! ಈಗ ಎಲ್ಲ ಲೆನ್ಸೂ ಡ್ರೈ ಕ್ಯಾಬಿನೆಟ್‌ನಲ್ಲಿ, ತೇವಾಂಶ 40ರಿಂದ 50%. ಅದು ಬೇಡ ಅಂದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ತೇವಾಂಶ ಮೀಟರ್. ಅಕ್ಕಿ ಹಾಕಬೇಡಿ, ಪುಡಿ ಲೆನ್ಸ್ ಒಳಗೆ ಹೋಗುತ್ತದೆ.

ನೋಡುವುದು ಹೀಗೆ. ಲೆನ್ಸ್‌ನ ಎರಡೂ ಮುಚ್ಚಳ ತೆಗೆದು, ಮೊಬೈಲ್ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಬಿಟ್ಟು, ಮುಂದಿನಿಂದ ಇಣುಕಿ. ಟಾರ್ಚ್ ನೇರ ಕಣ್ಣಿಗೆ ಬೀಳಬಾರದು. ನಾಲ್ಕು ಧೂಳಿನ ಕಣ ಕಂಡರೆ ಬಿಡಿ, ಎಲ್ಲ ಲೆನ್ಸ್‌ನಲ್ಲೂ ಇರುತ್ತದೆ. ಬೇರು ಬಿಟ್ಟ ಹಾಗೆ ಎಳೆ ಕಂಡರೆ ಫಂಗಸ್.

ಎಡಭಾಗದ ಮಸುಕಿಗೆ ಕಾರಣ ಒಳಗಿನ ಒಂದು ಗಾಜು ತನ್ನ ಜಾಗದಿಂದ ಕೂದಲೆಳೆ ಸರಿದಿರುವುದು ಇರಬಹುದು. ಲೆನ್ಸ್ ಯಾವಾಗಲೋ ಬಿದ್ದಿದ್ದರೆ ಹೀಗಾಗುತ್ತದೆ, ಹೊಸದರಲ್ಲೂ ಒಮ್ಮೊಮ್ಮೆ ಇರುತ್ತದೆ. ಆದರೆ ದೋಣಿಯಿಂದ ತೆಗೆದ ಫೋಟೋ ನೋಡಿ ಹಾಗಂತ ತೀರ್ಪು ಕೊಡಲಾರೆ. ಎಡಗಡೆಯ ಮರ ಸುಮ್ನೆ ಹಿಂದೆ ಇದ್ದಿರಬಹುದು.

ಅದಕ್ಕೆ ಪತ್ರಿಕೆ ಪರೀಕ್ಷೆ. ಕನ್ನಡ ದಿನಪತ್ರಿಕೆಯ ಐದು ಹಾಳೆಗಳನ್ನು ಒಂದು ಸಮತಟ್ಟಾದ ಗೋಡೆಗೆ ಅಂಟಿಸಿ: ಒಂದು ನಡುವೆ, ನಾಲ್ಕು ಮೂಲೆಗೆ. 15 ಮೀಟರ್ ದೂರ. ಅಷ್ಟು ದೂರದಲ್ಲಿ 600 ಎಂ.ಎಂ. ಫ್ರೇಮಿಗೆ ಸಿಗುವುದು ಸುಮಾರು 90 ಸೆಂ.ಮೀ. ಅಗಲ, ಹಾಳೆಗಳನ್ನು ಮಡಚಿ ಹಾಕಬೇಕಾಗುತ್ತದೆ. ಬೆಳಿಗ್ಗೆ ಏಳರ ಹೊತ್ತಿಗೆ, ಗೋಡೆ ಕಾಯುವ ಮೊದಲು. ಗಟ್ಟಿ ಟ್ರೈಪಾಡ್, ಫಿಲ್ಟರ್ ಇಲ್ಲದೆ, ಎಫ್/8, ಟೈಮರ್, ಐಎಸ್‌ಒ ಎಷ್ಟಾದರೂ ಸರಿ 1/1000ದ ಮೇಲೆ. ಕ್ಯಾಮೆರಾ ಗೋಡೆಗೆ ನೇರವಾಗಿರಲಿ, ಓರೆಯಾದರೆ ಲೆನ್ಸ್ ಮೇಲೆ ಸುಮ್ನೆ ಅಪವಾದ. ಆಟೋ ಫೋಕಸ್‌ನಲ್ಲಿ ಹತ್ತು, ಪ್ರತಿ ಸಲ ಫೋಕಸ್ ಕೆಡಿಸಿ ಮತ್ತೆ ಹಿಡಿದು. ಆಮೇಲೆ ಪರದೆಯಲ್ಲಿ ದೊಡ್ಡದು ಮಾಡಿ ಕೈಯಿಂದಲೇ ಫೋಕಸ್ ಹಿಡಿದು ಐದು.

ನಮ್ಮ ಲಿಪಿ ಇದಕ್ಕೆ ಹೇಳಿ ಮಾಡಿಸಿದ್ದು. ವಿದೇಶದಿಂದ ಚಾರ್ಟ್ ತರಿಸುವುದೇ ಬೇಡ. ಅಷ್ಟು ದೂರದಲ್ಲಿ ಒಂದು ಪಿಕ್ಸೆಲ್ 0.11 ಎಂ.ಎಂ. ಹಿಡಿಯುತ್ತದೆ, ಎರಡು ಎಂ.ಎಂ. ಅಕ್ಷರಕ್ಕೆ ಹದಿನೆಂಟು ಪಿಕ್ಸೆಲ್ ಸಿಗುತ್ತದೆ. ದೊಡ್ಡ ಅಕ್ಷರ ಯಾವ ಲೆನ್ಸ್ ಆದರೂ ಓದಿಸುತ್ತದೆ. ಒತ್ತಕ್ಷರ ನೋಡಿ. "ಸ್ತ್ರೀ" ಕೆಳಗಿನ ಎರಡು ಒತ್ತೂ ಬಿಡಿಸಿ ಕಂಡರೆ ಲೆನ್ಸ್ ಗಟ್ಟಿಗ. ಕೈಯಿಂದ ಹಿಡಿದಾಗ ಗಟ್ಟಿ, ಆಟೋದಲ್ಲಿ ಮಾತ್ರ ಮಸುಕು ಅಂದರೆ ಗಾಜು ಚೆನ್ನಾಗಿದೆ, ಫೋಕಸ್ ಸೆಟಿಂಗ್ ನೋಡಬೇಕು. ಎರಡರಲ್ಲೂ ನಡುವಿನ ಹಾಳೆಯೇ ಮಸುಕು ಅಂದರೆ ಲೆನ್ಸ್ ಸರಿ ಇಲ್ಲ. ನಡುವೆ ಚೆನ್ನಾಗಿ, ನಾಲ್ಕೂ ಮೂಲೆ ಸಮನಾಗಿ ಸ್ವಲ್ಪ ಮೆತ್ತಗೆ ಇದ್ದರೆ ಅದು ಈ ಜೂಮ್‌ನ ಗುಣ, ಹೊಂದಿಕೊಳ್ಳಿ.

ಹೊಸದು ತಗೊಳ್ಳುವ ಮಾತು ಇನ್ನು ಸ್ವಲ್ಪ. 600 ಎಫ್/4 ಅದ್ಭುತ ಲೆನ್ಸ್, ಅದರಲ್ಲಿ ಎರಡು ಮಾತಿಲ್ಲ. ಹತ್ತು ಲಕ್ಷದ ಮೇಲೆ ಬೆಲೆ, ಮೂರು ಕಿಲೋ ಆಸುಪಾಸು ತೂಕ, ದೋಣಿಯಲ್ಲಿ ಅಲುಗಿದರೆ ಅದೂ ಅಲುಗಿದ ಫೋಟೋನೇ ಕೊಡುತ್ತದೆ. ಆಸೆ ತಡೆಯದಿದ್ದರೆ ಬೆಂಗಳೂರಿನಲ್ಲಿ ಒಂದು ವಾರಾಂತ್ಯ ಬಾಡಿಗೆಗೆ ತಂದು ನೋಡಿ. ಟೆಲಿಕನ್ವರ್ಟರ್ (ಲೆನ್ಸ್ ಮತ್ತು ಕ್ಯಾಮೆರಾ ನಡುವೆ ಹಾಕಿ ದೂರದ್ದನ್ನು ಇನ್ನೂ ದೊಡ್ಡದು ಮಾಡುವ ಗಾಜು) ಹಾಕುತ್ತೇನೆ ಅಂದರೆ ಬೇಡ ಅನ್ನುತ್ತೇನೆ. 1.4 ಪಟ್ಟಿನದ್ದು ಹಾಕಿದರೂ ನಿಮ್ಮ ಎಫ್/6.3 ಸೀದಾ ಎಫ್/9 ಆಗುತ್ತದೆ, ಬೆಳಕು ಅರ್ಧ, ಫೋಕಸ್ ತಡವರಿಸುತ್ತದೆ. ಮಸುಕನ್ನು ಗಟ್ಟಿ ಮಾಡುವ ಎಐ ಸಾಫ್ಟ್‌ವೇರ್‌ಗಳು ಮನೆಯ ಆಲ್ಬಮ್‌ಗೆ ಸರಿ. ಆದರೆ ಅವು ಇಲ್ಲದ ಗರಿಯನ್ನು ಹೆಣೆದುಬಿಡುತ್ತವೆ. ನೀವು ಸ್ಪರ್ಧೆಗೆ ಕಳಿಸುವವರಾದರೆ ನಿಯಮ ಓದಿ ಮುಟ್ಟಿ.

ಈಗ ಮಾಡಬೇಕಾದ್ದು: ನಾಳೆ ಫಿಲ್ಟರ್ ತೆಗೆದು, ಟಾರ್ಚ್ ಬಿಟ್ಟು ನೋಡಿ. ಶನಿವಾರ ಬೆಳಿಗ್ಗೆ ಪತ್ರಿಕೆ. ಎಡಗಡೆಯ ಎರಡು ಹಾಳೆ ಮಸುಕು, ಬಲಗಡೆಯ ಎರಡು ಗಟ್ಟಿ ಅಂತ ಬಂದರೆ ಕ್ಯಾಮೆರಾ ತಲೆಕೆಳಗು ಮಾಡಿ ಇನ್ನೊಮ್ಮೆ ತೆಗೆಯಿರಿ. ಆಗ ಗೋಡೆಯ ಬಲಗಡೆಯ ಹಾಳೆಗಳು ಮಸುಕಾದರೆ ತಪ್ಪು ಲೆನ್ಸ್‌ನದೇ, ನೀವು ಓರೆ ನಿಂತಿದ್ದಲ್ಲ. ರಿಪೇರಿಗೆ ನನ್ನ ಹತ್ತಿರ ತರಬೇಡಿ, ಈ ಜೋಡಣೆ ಸರಿಮಾಡುವ ಖರ್ಚು ಸೆಕೆಂಡ್ ಹ್ಯಾಂಡ್ ಲೆನ್ಸ್‌ಗೆ ಗಿಟ್ಟಲ್ಲ. ಆ ಎರಡು ಫೋಟೋಗಳನ್ನು ಮೊಬೈಲ್‌ಗೆ ಹಾಕಿಕೊಂಡು, ಬಿಲ್ ಹಿಡಿದು, ಹದಿನೈದನೇ ದಿನದವರೆಗೆ ಕಾಯದೆ ಅಂಗಡಿಗೆ ಹೋಗಿ. ಬದಲಿಗೆ ಬೇರೆ ಲೆನ್ಸ್ ಕೊಡುತ್ತೇವೆ ಅಂದರೆ, ಅದನ್ನೂ ಅವರ ಅಂಗಡಿ ಎದುರಿನ ಗೋಡೆಗೆ ಒಂದು ಸಲ ಹಿಡಿದು ನೋಡಿಯೇ ತನ್ನಿ.